ಹಿಕ್ಕೆ ಹಾಕಿ, ಗ್ರಾಫೀನ್ ತೆಗೆಯಿರಿ

ಒಂದು ಡಬ್ಬಿ ಬಿಸ್ಕತ್ತಿಗೆ 1,500 ಕೋಟಿ ಡಾಲರ್. ಬೆಲೆಯೇರಿಕೆ ಅಂತ ಗಾಬರಿಯಾಗಬೇಡಿ. ಇದು 2011ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಹಾಕಿದ ಲೆಕ್ಕ. ಗ್ರಾಫೀನ್ ಅಂದರೆ ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಹೆಣೆದುಕೊಂಡ, ಒಂದೇ ಪರಮಾಣು ದಪ್ಪದ ಹಾಳೆ. ಎರಡಿಂಚು ಚೌಕದ ಗ್ರಾಫೀನಿಗೆ ಆಗ 250 ಡಾಲರ್ ಇತ್ತು. ಸ್ಕೌಟ್ ಹುಡುಗಿಯರು ಮಾರುವ ಬಿಸ್ಕತ್ತಿನ ಒಂದು ಡಬ್ಬಿಯನ್ನು ಪೂರ್ತಿ ಗ್ರಾಫೀನ್ ಮಾಡಿದರೆ ಅಂಥ 6 ಕೋಟಿ ತುಂಡು ಸಿಗಬೇಕು. ಗುಣಿಸಿದರು, ಅಷ್ಟೇ. ಆರು ಕೋಟಿ ತುಂಡು ಒಂದೇ ದಿನ ಸಂತೆಗೆ ಬಂದರೆ ಕೊಳ್ಳುವವರು ಯಾರು ಅಂತ ಕೇಳಬಾರದು. ಅದು ವಿಜ್ಞಾನ ಅಲ್ಲ.

ಮಾಡುವ ವಿಧಾನ ಮಾತ್ರ ಚೆನ್ನಾಗಿದೆ. ತಾಮ್ರದ ತೆಳು ಹಾಳೆಯ ಮೇಲೆ ಬಿಸ್ಕತ್ತಿನ ಚೂರು ಇಡುತ್ತಾರೆ. 1,050 ಡಿಗ್ರಿ ಕುಲುಮೆಗೆ ತಳ್ಳಿ ಹೈಡ್ರೋಜನ್ ಮತ್ತು ಆರ್ಗಾನ್ ಹರಿಸುತ್ತಾರೆ. ಮಸಿ, ಬೂದಿ ಎಲ್ಲ ಮೇಲೇ ಉಳಿಯುತ್ತದೆ. ತಾಮ್ರದ ತಳಭಾಗದಲ್ಲಿ ಒಂದೇ ಪರಮಾಣು ದಪ್ಪದ ಇಂಗಾಲದ ಪದರ ಕೂತಿರುತ್ತದೆ. ಬಿಸ್ಕತ್ತಿಗೇ ನಿಲ್ಲಲಿಲ್ಲ. ಚಾಕೊಲೇಟ್, ಹುಲ್ಲು, ಪ್ಲಾಸ್ಟಿಕ್, ಜಿರಳೆ, ಕೊನೆಗೆ ನಾಯಿ ಮಲ. ಎಲ್ಲದರಿಂದಲೂ ಒಳ್ಳೇ ಗ್ರಾಫೀನೇ ಬಂತು. ಕಚ್ಚಾವಸ್ತು ಶುದ್ಧವಾಗಿರಬೇಕಿಲ್ಲ ಅನ್ನುವುದನ್ನು ತೋರಿಸುವುದು ಅವರ ಉದ್ದೇಶ, ಒಪ್ಪೋಣ. ಆದರೆ ಆ ಕೊನೆಯ ಮಾದರಿಯನ್ನು ತೂಗಿದ ವಿದ್ಯಾರ್ಥಿಯ ಮನೆಯವರು, ಹುಡುಗ ಏನ್ ಮಾಡ್ತಾನೆ ಅಂತ ಸಂಬಂಧ ಕೇಳಿಕೊಂಡು ಬಂದವರಿಗೆ ಏನು ಹೇಳಿದರೋ!

2004ರಲ್ಲಿ ಮ್ಯಾಂಚೆಸ್ಟರ್‌ನ ಗೈಮ್ ಮತ್ತು ನೊವೊಸೆಲೊವ್ ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿಗೆ ಸೆಲೋಟೇಪ್ ಅಂಟಿಸಿ ಕಿತ್ತು ಗ್ರಾಫೀನ್ ಪದರ ತೆಗೆದರು, 2010ರಲ್ಲಿ ನೊಬೆಲ್ ಪಡೆದರು. 2014ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು ಗ್ರಾಫೈಟ್ ಪುಡಿಗೆ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮಿಕ್ಸಿಯಲ್ಲಿ ತಿರುಗಿಸಿದರು. ಅಲ್ಲೂ ಬಂತು.

ಮಾಡುವುದು ಸಲೀಸಾದ ಮೇಲೆ ಬೆರೆಸುವ ಹುಚ್ಚು ಹತ್ತಿತು. ಗ್ರಾಫೀನಿಗೆ ಸಾರಜನಕ ಬೆರೆಸಿದರೆ ಅದರ ವೇಗವರ್ಧಕ ಗುಣ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಗುಣ ಹೆಚ್ಚುತ್ತದೆ, ಒಂದು ಪ್ರಬಂಧ. ಗಂಧಕ ಬೆರೆಸಿದರೂ ಹೆಚ್ಚುತ್ತದೆ, ಇನ್ನೊಂದು. ಎರಡೂ ಬೆರೆಸಿದರೆ ಮತ್ತೊಂದು. ಇದನ್ನು ನೋಡಿ ನೋಡಿ ಸಾಕಾದ ಪ್ರಾಗ್‌ನ ರಸಾಯನ ವಿಜ್ಞಾನಿ ಮಾರ್ಟಿನ್ ಪುಮೆರಾ ಮತ್ತು ಸಂಗಡಿಗರು 2020ರಲ್ಲಿ ಹಕ್ಕಿ ಹಿಕ್ಕೆ ಬೆರೆಸಿದರು. ಸಾರಜನಕ, ರಂಜಕ, ಗಂಧಕ ಎಲ್ಲವೂ ಅದರಲ್ಲಿದೆ, ಅದೂ ಪುಕ್ಕಟೆ. ಗುಣ ಹೆಚ್ಚಿತು! ಜೊತೆಗೆ ಅವರೇ ಲೆಕ್ಕವನ್ನೂ ಕೊಟ್ಟರು. ಬೆರೆಸಲು 84 ಮೂಲವಸ್ತುಗಳಿವೆ, ಹಾಗಾಗಿ 84 ಪ್ರಬಂಧ. ಎರಡೆರಡು ಬೆರೆಸಿದರೆ 3,486. ಮೂರು ಮೂರಾದರೆ 95,284. ಗೇಲಿ ಮಾಡಲು ಬರೆದದ್ದು ಪ್ರತಿಷ್ಠಿತ ಪತ್ರಿಕೆಯಲ್ಲೇ ಅಚ್ಚಾಯಿತು. ಅಂದರೆ ಪಟ್ಟಿಗೆ ಇನ್ನೊಂದು ಪ್ರಬಂಧ ಸೇರಿತು, ಅಲ್ವಾ?

ಪ್ರಯೋಗಾಲಯದಲ್ಲಿ ಹೀಗೆ ಸಿಕ್ಕಿದ್ದೆಲ್ಲ ಗ್ರಾಫೀನ್ ಆಗುತ್ತಿದ್ದರೆ, ಅಂಗಡಿಯ ಗ್ರಾಫೀನ್ ಏನಾಗಿತ್ತು? ಸಿಂಗಪುರದ ವಿಜ್ಞಾನಿಗಳು 60 ಕಂಪನಿಗಳ ಮಾಲು ತರಿಸಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಹೊರಹಾಕಿದರು. ಹತ್ತು ಪದರದವರೆಗೆ ಗ್ರಾಫೀನ್ ಅನ್ನಬಹುದು, ಅದಕ್ಕಿಂತ ದಪ್ಪವಾದರೆ ಬರೀ ಗ್ರಾಫೈಟ್ ಅನ್ನುವುದು ಲೆಕ್ಕ. ಒಂದು ಮಿಲಿಮೀಟರ್ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಪದರ ಇರುವಾಗ ಹತ್ತು ಅನ್ನುವುದೇ ದೊಡ್ಡ ರಿಯಾಯಿತಿ. ಆದರೂ ಹೆಚ್ಚಿನ ಕಂಪನಿಗಳ ಪುಡಿಯಲ್ಲಿ ಗ್ರಾಫೀನ್ ಶೇಕಡಾ 10ಕ್ಕಿಂತ ಕಡಿಮೆ ಇತ್ತು. ಅರ್ಧ ದಾಟಿದ ಕಂಪನಿ ಒಂದೂ ಇಲ್ಲ. ಹಾಲಿನವನು ಹಾಲಿಗೆ ನೀರು ಹಾಕುವುದು ಗೊತ್ತು. ಇವರು ನೀರಿಗೆ ಹಾಲು ತೋರಿಸಿದ್ದರು. ಪೆನ್ಸಿಲ್ ಕಡ್ಡಿಯ ಪುಡಿಗೆ ಬಿರುದು ಕೊಟ್ಟು ಮಾರಿದ್ದಾರೆ.

ಬಿರುದು ಈಗ ಬೆಂಗಳೂರಿನ ಕಾರು ತೊಳೆಯುವ ಅಂಗಡಿಯ ಬೋರ್ಡಿನ ಮೇಲೂ ಬಂದಿದೆ. 'ಸೆರಾಮಿಕ್ ಎಲ್ಲ ಹಳೇದಾಯ್ತು ಸಾರ್, ಗ್ರಾಫೀನ್ ಕೋಟಿಂಗ್ ಹಾಕಿಸಿ' ಅಂದ ಅಲ್ಲಿನ ಹುಡುಗ. ಕೈಯಲ್ಲಿ ಹೆಬ್ಬೆರಳುದ್ದದ ಸೀಸೆ. ಮೇಲೆ ಜೇನುಗೂಡಿನ ಚಿತ್ರ, ಹಿಂದೆ ಏನೂ ಬರೆದಿಲ್ಲ.

'ಎಷ್ಟು ಪದರ ಇರುತ್ತಪ್ಪಾ ಇದರಲ್ಲಿ?' ಅಂದೆ.

'ಎರಡು ಕೋಟ್ ಹೊಡೀತೀವಿ ಸಾರ್. ಮೂರು ಬೇಕಂದ್ರೆ ಸ್ವಲ್ಪ ಜಾಸ್ತಿ ಆಗುತ್ತೆ.'

ಹತ್ತರೊಳಗೇ ಇದೆ. ತಕರಾರು ಮಾಡುವಂತಿಲ್ಲ.