ಆಫರಿನ ಫೋನು, ಅಡಿಕೆ ಮರದ ರೇಂಜು

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ನಮ್ಮ ಕಡೆ ಯಾರ ಮನೆಗೆ ನೆಂಟರು ಬಂದರೂ ಕೈಕಾಲು ತೊಳೆದು, ಬೆಲ್ಲ ನೀರು ಕುಡಿದು, ಆಮೇಲೆ ಕೇಳುವ ಮೊದಲ ಪ್ರಶ್ನೆ, "ನಿಮ್ಮಲ್ಲಿ ಯಾವುದಕ್ಕೆ ರೇಂಜ್ ಉಂಟು?" ಆರೋಗ್ಯ, ಅಡಿಕೆ ರೇಟು ಎಲ್ಲ ಅದರ ನಂತರ. ನಮ್ಮ ಉತ್ತರವೂ ತಯಾರಿರುತ್ತದೆ. ಜಗಲಿಯಲ್ಲಿ ಒಂದು ಮೊಬೈಲ್ ಕಂಪನಿಗೆ, ಹಟ್ಟಿಯ ಹಿಂದೆ ಇನ್ನೊಂದಕ್ಕೆ, ಗುಡ್ಡೆಯ ಗೇರುಮರದ ಬುಡದಲ್ಲಿ ಮತ್ತೊಂದಕ್ಕೆ. ಗುಡ್ಡೆ ಕೊರೆದು ಸುರಂಗದಿಂದ ನೀರು ತಂದ ಊರು ನಮ್ಮದು. ರೇಂಜ್ ತರಲಿಕ್ಕೆ ಯಾವ ಬದಿಯಿಂದ ಕೊರೆಯಬೇಕು ಅಂತ ಮಾತ್ರ ಇನ್ನೂ ಯಾರಿಗೂ ಗೊತ್ತಾಗಿಲ್ಲ.

ಇಂಥ ಮನೆಗೆ ನಮ್ಮ ಯಜಮಾನರು ಕಾಸರಗೋಡು ಪೇಟೆಯಿಂದ ಆಫರಿನ ಫೋನ್ ತಂದರು. ಅರ್ಧ ರೇಟಂತೆ. ಉಳಿದರ್ಧ ಎಲ್ಲಿ ಹೋಯಿತು ಅಂತ ನಾನು ಡಬ್ಬ ತಿರುಗಿಸಿ ನೋಡಿದೆ. ಅಡಿಯಲ್ಲಿ ಇರುವೆ ಸಾಲಿನ ಹಾಗೆ ಅಕ್ಷರ. ಕನ್ನಡಕ ಹಾಕಿ ಓದಿದರೆ, ಈ ಫೋನಿಗೆ ಆ ಕಂಪನಿಯ ಸಿಮ್ ಮಾತ್ರ ನಡೆಯುತ್ತದೆ, ತಿಂಗಳು ತಿಂಗಳೂ ಇಂತಿಷ್ಟು ರೀಚಾರ್ಜ್ ಮಾಡಲೇಬೇಕು ಅಂತ ಉಂಟು. ನಮ್ಮ ಮನೆಯಲ್ಲಿ ಗೇರುಮರದ ಬುಡಕ್ಕೆ ಹೋದರೆ ಮಾತ್ರ ಸಿಗುವ ಕಂಪನಿ ಅದು.

"ಅಂಗಡಿಯಲ್ಲಿ ಫುಲ್ ಕಡ್ಡಿ ಇತ್ತು ಮಾರಾಯ್ತಿ" ಅಂದರು.

"ಹೆಣ್ಣು ನೋಡಲಿಕ್ಕೆ ಹೋದಲ್ಲಿ ಎಲ್ಲ ಚಂದವೇ. ಮನೆಗೆ ಬಂದ ಮೇಲೆ ಗೊತ್ತಾಗುವುದು" ಅಂದರು ಅತ್ತೆ, ನನ್ನ ಕಡೆ ನೋಡದೆ.

ಮಂಗಳೂರಿನಲ್ಲಿ ಓದುವ ಮಗನಿಗೆ ಹೇಳಿದರೆ ಅವನು ಪಾಠವನ್ನೇ ಶುರು ಮಾಡಿದ. ಇದೆಲ್ಲ ಹಳೆಯ ವಿದ್ಯೆಯಂತೆ. 2003ರಲ್ಲಿ ರಿಲಯನ್ಸ್ 501 ರೂಪಾಯಿಗೆ ಮೊಬೈಲ್ ಕೊಟ್ಟಾಗ ಆ ಸೆಟ್ಟಿಗೆ ಸಿಮ್ಮೇ ಇರಲಿಲ್ಲ, ನಂಬರ್ ಸೆಟ್ಟಿನೊಳಗೇ ಕೂತಿತ್ತು. 2017ರಲ್ಲಿ 1500 ರೂಪಾಯಿ ಡೆಪಾಸಿಟ್ ಇಟ್ಟು ತಂದ ಜಿಯೋಫೋನಿಗೂ ಜಿಯೋ ಸಿಮ್ಮೇ ಆಗಬೇಕಿತ್ತು. ಅಮೆರಿಕದಲ್ಲಿ 2007ರಲ್ಲಿ ಐಫೋನ್ ಬಂದಾಗ ಎಟಿ ಅಂಡ್ ಟಿ ಕಂಪನಿಗೆ ಮಾತ್ರ. ಬೇರೆ ದೊಡ್ಡ ಕಂಪನಿಯವರ ಕೈಗೆ ಅದು ಸಿಕ್ಕಿದ್ದು 2011ರಲ್ಲಿ. ಅಷ್ಟರವರೆಗೆ ಕಾಯಲಿಕ್ಕೆ ಮನಸ್ಸಿಲ್ಲದ ಜಾರ್ಜ್ ಹಾಟ್ಜ್ ಎಂಬ 17 ವರ್ಷದ ಹುಡುಗ 2007ರಲ್ಲೇ ಮನೆಯಲ್ಲೇ ಕೂತು ಐಫೋನಿನ ಬೀಗ ಬಿಚ್ಚಿದ. ಬಿಚ್ಚಿದ ಒಂದು ಫೋನ್ ಕೊಟ್ಟು ಬದಲಿಗೆ ನಿಸ್ಸಾನ್ ಕಾರು ತಗೊಂಡ.

"ಕಾರು!" ಅಂತ ಯಜಮಾನರ ಕಣ್ಣು ಅರಳಿತು. ನಾನು ಸ್ಕ್ರೂಡ್ರೈವರ್ ತೆಗೆದು ಅಡಗಿಸಿಟ್ಟೆ.

ಆಮೇಲೆ ಕಸ್ಟಮರ್ ಕೇರ್. ಗೇರುಮರದ ಬುಡದಲ್ಲಿ ಕೂತು, ಸೊಳ್ಳೆ ಹೊಡೆಯುತ್ತ, ಅದು ಒತ್ತಿ ಇದು ಒತ್ತಿ ಅಂತ ಹೇಳಿದ್ದನ್ನೆಲ್ಲ ಒತ್ತಿದ ಮೇಲೆ ಒಬ್ಬಳು ಹುಡುಗಿ ಮಲಯಾಳದಲ್ಲಿ ಬಂದಳು. ಪಾಪ, ದನಿ ಜೇನು. ನನ್ನ ಮಲಯಾಳ ಮೀನು ಮಾರುವವರ ಹತ್ತಿರ ಸಾಕಾಗುತ್ತದೆ, ನೆಟ್‌ವರ್ಕಿನ ಜಗಳಕ್ಕೆ ಸಾಲುವುದಿಲ್ಲ. ಆದರೂ ಹೇಳಿದೆ.

"ಚೇಚಿ, ನಿಮ್ಮ ಫೋನ್ ಈಗ ಕರ್ನಾಟಕದ ಟವರ್ ಹಿಡಿದಿದೆ" ಅಂದಳು.

ಹಿಡಿಯದೆ ಏನು ಮಾಡುತ್ತದೆ? ಅಡ್ಕಸ್ಥಳ ದಾಟಿದರೆ ಅಡ್ಯನಡ್ಕ, ಅಲ್ಲಿಂದ ಕರ್ನಾಟಕ. ಬೇರೆ ಕಂಪನಿಯ ಫೋನಿಗೂ ಹಾಗೆಯೇ, ಅಡುಗೆಮನೆಯಲ್ಲಿ ಕೇರಳದ ರೇಂಜು, ಹಟ್ಟಿಗೆ ಹೋದರೆ ಕರ್ನಾಟಕಕ್ಕೆ ಸುಸ್ವಾಗತ ಅಂತ ಮೆಸೇಜು. ರೋಮಿಂಗ್ ಚಾರ್ಜ್ ಇದ್ದ ಕಾಲದಲ್ಲಿ ನಾನು ಹಾಲು ಕರೆಯುವಾಗ ಫೋನ್ ಬಂದರೆ ಎತ್ತುತ್ತಿರಲಿಲ್ಲ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಹಾಕಿ ಗೆರೆ ಎಳೆದವರಿಗೆ ಟವರಿನ ವಿಷಯ ಹೇಗೆ ಗೊತ್ತಿರಬೇಕು, ಅಲ್ವಾ?

ಸರಿ, ಕರ್ನಾಟಕದ ಟವರ್ ಆದರೆ ಕರ್ನಾಟಕದವರಿಗೇ ಹೇಳುವ ಅಂತ ಪುತ್ತೂರಿಗೆ ಹೋದಾಗ ಅದೇ ಕಂಪನಿಯ ಅಂಗಡಿಗೆ ಹೊಕ್ಕೆ. ಅಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ. "ಅಕ್ಕ, ಇದು ಕೇರಳದ ನಂಬರ್. ಕಂಪ್ಲೇಂಟ್ ಅಲ್ಲಿಯೇ ಕೊಡಬೇಕು" ಅಂತ ಅಚ್ಚ ಕನ್ನಡದಲ್ಲಿ ಕಳಿಸಿಕೊಟ್ಟರು. ಬರುವಾಗ ಒಂದು ಕ್ಯಾಲೆಂಡರ್ ಕೊಟ್ಟರು. ಅದರಲ್ಲಿ ಗುಡ್ಡೆಯ ತುದಿಯಲ್ಲಿ ನಿಂತು ನಗುತ್ತ ಫೋನಿನಲ್ಲಿ ಮಾತಾಡುವ ಹುಡುಗಿಯ ಚಿತ್ರ. ಗುಡ್ಡೆಯ ತುದಿಯಲ್ಲಿ ನಮಗೂ ಸಿಗುತ್ತದೆ ಮಾರಾಯ್ರೆ.

ನಂಬರನ್ನಾದರೂ ಪೋರ್ಟ್ ಮಾಡಿ, ಅಂದರೆ ಅದೇ ನಂಬರನ್ನು ಬೇರೆ ಕಂಪನಿಗೆ ಬದಲಿಸಿ, ಹಳೆಯ ಬಟನ್ ಫೋನಿಗೆ ಹಾಕುವ ಅಂತ ತೀರ್ಮಾನವಾಯಿತು. ಪೋರ್ಟ್ ಅಂತ ಬರೆದು, ಸ್ಪೇಸ್ ಬಿಟ್ಟು, ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಎಂಟಕ್ಷರದ ಕೋಡ್ ಬರುತ್ತದೆ. ಅದನ್ನು ಹೊಸ ಕಂಪನಿಗೆ ಕೊಡಬೇಕು. 2011ರಿಂದ ದೇಶದಲ್ಲೆಲ್ಲ ಈ ಸೌಕರ್ಯ ಉಂಟು. 2015ರ ಜುಲೈಯಿಂದ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೂ ನಂಬರ್ ಹಾಗೆಯೇ ಇಟ್ಟುಕೊಳ್ಳಬಹುದು. ಒಳ್ಳೆಯದೇ. ಆದರೆ ರೇಂಜ್ ಇಲ್ಲ ಅಂತ ಕಂಪನಿ ಬಿಡಬೇಕಾದರೆ ಆ ಮೆಸೇಜ್ ಹೋಗಲಿಕ್ಕೆ, ಕೋಡ್ ಬರಲಿಕ್ಕೆ ಅದೇ ಕಂಪನಿಯ ರೇಂಜ್ ಬೇಕು. ಅವತ್ತು ಮೋಡ ಮುಚ್ಚಿತ್ತು. ಗೇರುಮರವೂ ಕೈಕೊಟ್ಟಿತು.

ತೋಟದಲ್ಲಿ ಕೊಯ್ಲು ನಡೆಯುತ್ತಿತ್ತು. ಕೊಯ್ಲಿನ ಅಣ್ಣ ಮರದ ತುದಿಯಲ್ಲಿ ದೋಟಿ ಹಿಡಿದುಕೊಂಡೇ ಯಾರೊಂದಿಗೋ ಆರಾಮವಾಗಿ ಫೋನಿನಲ್ಲಿ ಹರಟುವುದು ಯಜಮಾನರ ಕಣ್ಣಿಗೆ ಬಿತ್ತು. ಅಷ್ಟೇ. ಅಣ್ಣ ಕೆಳಗೆ ಇಳಿದದ್ದೇ ತಡ, ಆಫರಿನ ಫೋನ್ ಅವನ ಅಂಗಿಯ ಕಿಸೆಗೆ ಹೋಯಿತು. ಮೆಸೇಜ್ ಬರೆದಾಗಿತ್ತು, ಮೇಲೆ ಹೋಗಿ ಒತ್ತಿದರೆ ಸಾಕು. ಅವನು ಕಾಲಿಗೆ ತಳೆ ಹಗ್ಗ ಹಾಕಿ ಸರಸರ ಹತ್ತಿದ. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಕೂಗಿದ.

"ಬಂತು ಅಕ್ಕಾ! ಬರೀರಿ!"

ನಾನು ಕೆಳಗೆ ಕ್ಯಾಲೆಂಡರಿನ ಬೆನ್ನಿನಲ್ಲಿ ಬರೆಯಲು ಕೂತೆ. ಅಂಕೆಗಳು ಸಲೀಸಾಗಿ ಇಳಿದವು. ಅಕ್ಷರದಲ್ಲಿ ತಕರಾರು. "ಒಂದು ಹಾವು!" ಅಂದ. ಎಸ್ ಅಂತ ಬರೆದುಕೊಂಡೆ. "ಮತ್ತೊಂದು ಉರುಟು!" ಅಂದ. ಉರುಟು ಅಂದರೆ ಓ ಆಗಬಹುದು, ಸೊನ್ನೆಯೂ ಆಗಬಹುದು.

"ಯಾವ ಉರುಟು?"

"ಉರುಟು ಉರುಟೇ ಅಕ್ಕಾ!"

ಅಷ್ಟರಲ್ಲಿ ತೋಡಿನ ಆಚೆ ಮನೆಯಿಂದ ನೆರೆಯ ಮಾವ ಕೂಗಿ ಹೇಳಿದರು, "ಸೊನ್ನೆಯೇ ಇರಬೇಕು, ನಮ್ಮ ಕೋಡಿನಲ್ಲೂ ಇತ್ತು!" ಕೋಡನ್ನು ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ದಿನಾ ಮೆಸೇಜ್ ಹಾಕುತ್ತಾರೆ. ಅವರಿಗೆ ನಮ್ಮ ತೋಟ ನೋಡಿ ಗೊತ್ತಿಲ್ಲ.

ಮಾವ ಹೇಳಿದ್ದೇ ಸರಿಯಾಯಿತು. ನಂಬರ್ ಜಗಲಿಯ ಕಂಪನಿಗೆ ಬಂದು ಬಟನ್ ಫೋನಿನೊಳಗೆ ಕೂತಿತು. ಆಫರಿನ ಫೋನಿನಲ್ಲಿ ಈಗ ಮಗ ತುಂಬಿಸಿಕೊಟ್ಟ ಯಕ್ಷಗಾನವನ್ನು ಅತ್ತೆ ನೋಡುತ್ತಾರೆ. ಸಿಮ್ ಇಲ್ಲದ್ದರಿಂದ ಮಧ್ಯದಲ್ಲಿ ಯಾರ ಕರೆಯೂ ಬರುವುದಿಲ್ಲ, ಎಷ್ಟು ಒಳ್ಳೆಯ ಫೋನ್ ಅಂತ ಬಂದವರ ಹತ್ತಿರ ಹೊಗಳುತ್ತಾರೆ.

ಮೊನ್ನೆ ಹಳೆಯ ಕಂಪನಿಯಿಂದ ಫೋನ್ ಬಂತು. ಯಾಕೆ ನಮ್ಮನ್ನು ಬಿಟ್ಟು ಹೋದಿರಿ, ವಾಪಸ್ ಬಂದರೆ ಅರ್ಧ ರೇಟಿಗೆ ಇನ್ನೊಂದು ಹೊಸ ಫೋನ್ ಕೊಡುತ್ತೇವೆ ಅಂತ. ಯಜಮಾನರು ಜಗಲಿಯಲ್ಲಿ ನಿಂತು ಗಂಭೀರವಾಗಿ ಹೂಂ ಹೂಂ ಅನ್ನುತ್ತಿದ್ದರು. ಚೆನ್ನಾಗಿ ಬೈಯುತ್ತಾರೆ ಅಂತ ನಾನೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ.

"ಬಣ್ಣ ಯಾವುದೆಲ್ಲ ಉಂಟು?" ಅಂತ ಕೇಳಿದರು.