ಸತ್ಯಾಂಶ: ತೆರೆದಿಟ್ಟ ವೈನ್ ಹಳೆಯದಾದಷ್ಟೂ ರುಚಿಯೇ?

'ವೈನ್ ಹಳೆಯದಾದಷ್ಟೂ ರುಚಿ, ತೆರೆದ ಬಾಟಲಿಯನ್ನೂ ತಿಂಗಳುಗಟ್ಟಲೆ ಇಡಬಹುದು' ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಇಟ್ಟಷ್ಟೂ ಚೆನ್ನಾಗುವುದು ಕೆಲವೇ ವೈನ್‌ಗಳು, ಅದೂ ಕಾರ್ಕ್ ತೆಗೆಯದಿದ್ದರೆ ಮಾತ್ರ.

ತೆಗೆದ ಮೇಲೆ ಗಾಳಿ ತನ್ನ ಕೆಲಸ ಶುರು ಮಾಡುತ್ತದೆ. ಮೊದಲು ಹಣ್ಣಿನ ಪರಿಮಳ ಹೋಗುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತವೆ, ಅಂದರೆ ವಿನೆಗರ್‌ನ ಹುಳಿ. ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗಿ, ಪೆಟ್ಟು ಬಿದ್ದ ಸೇಬಿನ ವಾಸನೆ ಬರುತ್ತಿದ್ದರೆ ಕೆಟ್ಟಿದೆ ಅಂತಲೇ ಅರ್ಥ.

ಫ್ರಿಜ್‌ನಲ್ಲಿಟ್ಟರೆ ಇದೆಲ್ಲ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಕೆಂಪು ವೈನನ್ನೂ ಅಲ್ಲೇ ಇಡಿ. ಕುಡಿಯುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದರಾಯ್ತು. ಸಾಮಾನ್ಯವಾಗಿ 3ರಿಂದ 5 ದಿನ ಬರುತ್ತದೆ. 750 ಮಿಲಿ ಬಾಟಲಿಯಲ್ಲಿ ಅರ್ಧ ಸಾಕು ಅನ್ನಿಸಿದರೆ, ತೆರೆದ ಕೂಡಲೇ ಉಳಿದರ್ಧವನ್ನು 375 ಮಿಲಿಯ ಶುಚಿಯಾದ ಬಾಟಲಿಗೆ ಕಂಠದವರೆಗೂ ತುಂಬಿಡಿ. ಒಳಗೆ ಗಾಳಿಗೆ ಜಾಗವೇ ಇರುವುದಿಲ್ಲ. ನನ್ನ ಪ್ರಕಾರ ಬಾಟಲಿಯೊಳಗಿನ ಗಾಳಿ ಹೊರಗೆಳೆಯುವ ದುಬಾರಿ ಪಂಪ್‌ಗಿಂತ ಇದೇ ವಾಸಿ.

ಕುಡಿಯಲು ಬೇಡವೇ? ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಡಿ, ಪಾಸ್ತಾ ಸಾಸ್‌ಗೋ ಮಟನ್‌ಗೋ ಒಂದೆರಡು ತುಂಡು ಹಾಕಬಹುದು. ಹುಳಿಯಾದದ್ದು ವಿಷವೇನಲ್ಲ, ಆದರೆ ಸಾರಿನ ರುಚಿ ಕೆಡಿಸುತ್ತದೆ. ಇನ್ನೊಂದು, ಕುದಿಸಿದರೂ ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ. ಮಕ್ಕಳ ಅಡುಗೆಗೆ ಹಾಕಬೇಡಿ.