ಮೋಡದ ಕೆಳಗಿನ ಹೊಗೆ ಲೆಕ್ಕಕ್ಕೆ ಬಂದಿಲ್ಲ

ಜುಲೈ-ಆಗಸ್ಟ್‌ನಲ್ಲಿ ಹುಬ್ಬಳ್ಳಿ-ಧಾರವಾಡದ ಗಾಳಿ ಶುದ್ಧವಾಗಿರುತ್ತದೆ, ಉಪಗ್ರಹದ ನಕ್ಷೆಯೇ ಅದಕ್ಕೆ ಸಾಕ್ಷಿ ಎಂದು ನಿಮ್ಮಲ್ಲಿ ಪ್ರಕಟವಾದ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಮಳೆ ಧೂಳು ತೊಳೆಯುವುದು ಖರೆ. ಆದರೆ ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲವನ್ನು ಅಳೆಯುವ ಸೆಂಟಿನೆಲ್-5ಪಿ ಉಪಗ್ರಹದ ಟ್ರೋಪೋಮಿ ಉಪಕರಣಕ್ಕೆ ದಟ್ಟ ಮೋಡದ ಕೆಳಗಿನದು ಕಾಣುವುದಿಲ್ಲ. ನಕ್ಷೆಯಲ್ಲಿ ಮೋಡ ಮುಚ್ಚಿದ ಅಂಥ ಚೌಕಗಳನ್ನು ಸಾಮಾನ್ಯವಾಗಿ ಕೈಬಿಟ್ಟೇ ಸರಾಸರಿ ತೆಗೆಯುತ್ತಾರೆ. ಆಷಾಢ-ಶ್ರಾವಣದಲ್ಲಿ ದಿನಗಟ್ಟಲೆ ಬಿಸಿಲು ಕಾಣದ ಧಾರವಾಡಕ್ಕೆ ತಿಂಗಳ ಸರಾಸರಿ ಎಂದರೆ ಮೋಡ ಹರಿದ ಕೆಲವೇ ದಿನಗಳ ಲೆಕ್ಕ.

ಅರ್ಧಂಬರ್ಧ ಮೋಡವಿದ್ದಾಗ ಕೆಲಸ ಇನ್ನೂ ಸೂಕ್ಷ್ಮ. ಮೋಡ ಎಷ್ಟು ಜಾಗ ಮುಚ್ಚಿದೆ, ಎಷ್ಟು ಎತ್ತರದಲ್ಲಿದೆ ಎಂಬುದು ಮೊದಲು ಗೊತ್ತಾಗಬೇಕು. ಆಮ್ಲಜನಕ 760 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಬೆಳಕನ್ನು ಹೀರುತ್ತದೆ. ಮೋಡ ಎತ್ತರದಲ್ಲಿದ್ದಷ್ಟೂ ಬಿಸಿಲಿನ ಬೆಳಕು ಕಡಿಮೆ ಗಾಳಿ ದಾಟಿ ಉಪಗ್ರಹಕ್ಕೆ ಮರಳುತ್ತದೆ, ಹೀರಿಕೆಯೂ ಕಡಿಮೆ. ಎತ್ತರ ಸಿಗುವುದು ಇದರಿಂದಲೇ. ಹೊಗೆ ಮೋಡದ ಕೆಳಗಿದ್ದರೆ ಮರೆಯಾಗುತ್ತದೆ, ಮೇಲಿದ್ದರೆ ಬೆಳ್ಳನೆಯ ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ. ಮೋಡ ತಗ್ಗಿನಲ್ಲಿದ್ದಾಗ ಎತ್ತರದ ಅಂದಾಜು ಸ್ವಲ್ಪ ತಪ್ಪಿದರೂ ಹೊಗೆಯ ಲೆಕ್ಕ ಏರುಪೇರಾಗುತ್ತದೆ.

ಮತ್ತೆ, ಈ ಉಪಗ್ರಹ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಸುಮಾರು 1.30ಕ್ಕೆ. ಸಂಜೆ ಜಿಟಿಜಿಟಿ ಮಳೆಯಲ್ಲಿ ಹುಬ್ಬಳ್ಳಿಯ ಹೊಸೂರು ವೃತ್ತದ ಬಳಿ ಬಸ್ಸು, ಆಟೋಗಳು ಎಂಜಿನ್ ಆರಿಸದೆ ಸಾಲುಗಟ್ಟಿ ನಿಂತಾಗ ಕಣ್ಣುರಿಸುವ ಹೊಗೆ ಅದಕ್ಕೆ ಸಿಗುವುದೇ ಇಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿಯ ಮಾನದಂಡ ತಲುಪದ ನಗರಗಳ ಪಟ್ಟಿಯಲ್ಲಿರುವ ಊರು ನಮ್ಮದು. ನಕ್ಷೆ ಹಾಕುವಾಗ ಪ್ರತಿ ಚೌಕಕ್ಕೆ ಎಷ್ಟು ದಿನದ ಮಾಪನ ಸಿಕ್ಕಿತ್ತು ಎಂಬುದನ್ನೂ ದಯವಿಟ್ಟು ಪಕ್ಕದಲ್ಲೇ ಕೊಡಿ.